ತೊಂದರೆ ಆ ಕಡೆ

ಮೊಬೈಲಿನ ಚಿತ್ರ ಸತ್ತವನ ಮೂಗಿನವರೆಗೆ ಬಂದು ನಿಂತುಬಿಟ್ಟಿತು.

"ಹಲೋ? ಕಾಣ್ತಾ ಇದೆಯಾ?" ಅಳಿಯ ಹೆಣದ ಮೇಲೆ ಇನ್ನಷ್ಟು ಬಗ್ಗಿದ. ಆ ಕಡೆ, ಆಸ್ಪತ್ರೆಯ ಹಾಸಿಗೆಯಲ್ಲಿ, ಹಿಂದಿನ ದಿನವಷ್ಟೇ ಹೆತ್ತ ಅವನ ಹೆಂಡತಿ. ಎದ್ದು ಬರುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಅಪ್ಪನ ಮುಖ ಕೊನೆಯ ಸಲ ನೋಡಬೇಕು, ಅಷ್ಟೇ ಅವಳು ಕೇಳಿದ್ದು.

"ಬರೀ ಚೌಕ ಚೌಕ ಕಾಣ್ತಿದೆ ರೀ..." ಅವಳ ದನಿ ತುಂಡುತುಂಡಾಗಿ ಬಂದು, ಅದೂ ನಿಂತಿತು.

ಆ ತಗ್ಗಿನ ಮನೆಗೆ ಮೊಬೈಲ್ ಸಿಗ್ನಲ್ ಎಂದೂ ಇಳಿದದ್ದಿಲ್ಲ. ಇದ್ದದ್ದು ಫೋನಿನ ತಂತಿಯಲ್ಲಿ ಬರುವ ಇಂಟರ್ನೆಟ್ ಒಂದೇ, ಅದೂ ಬಸವನಹುಳುವಿನ ನಡಿಗೆ. ಲೈನಿನವನನ್ನು ಕರೆಸೋಣ ಎಂದರೆ ಸತ್ತವನು ಒಪ್ಪುತ್ತಿರಲಿಲ್ಲ. "ಇಲ್ಲಿನ ವೈರಿಂಗ್ ನಾನೇ ಮಾಡಿದ್ದು. ತೊಂದರೆ ಆ ಕಡೆ," ಎನ್ನುತ್ತಿದ್ದ. ಹೊಟ್ಟೆಪಾಡಿಗೆ ಗೋದಾಮಿನಲ್ಲಿ ಗುಮಾಸ್ತ. ಮನೆಯಲ್ಲಿ ಮಾತ್ರ ದೊಡ್ಡ ಇಂಜಿನಿಯರು. ನಲ್ಲಿ, ಫ್ಯಾನು, ಚಪ್ಪಲಿ, ಕನ್ನಡಕ, ಯಾವುದು ಕೆಟ್ಟರೂ ಕಪ್ಪು ಟೇಪು ಸುತ್ತಿ ರಿಪೇರಿಯಾಯಿತು ಎಂದುಬಿಡುವವನು. ಬೀದಿಯವರು ಬೆನ್ನ ಹಿಂದೆ ಟೇಪಪ್ಪ ಎಂದು ಆಡಿಕೊಳ್ಳುತ್ತಿದ್ದರು. ಇವತ್ತು ಅದೇ ಬಾಯಿಗಳು ದೇವರಂಥ ಮನುಷ್ಯ ಎನ್ನುತ್ತಿದ್ದವು. ನಾಲಿಗೆಗೆ ಎಲುಬಿಲ್ಲ ಅನ್ನುವುದು ಸಾವಿನ ಮನೆಯಲ್ಲಿ ಗೊತ್ತಾಗುವಷ್ಟು ಬೇರೆಲ್ಲೂ ಗೊತ್ತಾಗುವುದಿಲ್ಲ.

"ಮನೆ ಅಂದ್ರೆ ಎಷ್ಟು ಆಸ್ಥೆ ಅವರಿಗೆ! ಯಾರು ಏನು ಅಂತ ಒಂದೂ ಬಿಡದೆ ಎಲ್ಲಾ ಗೊತ್ತಿರೋದು," ಎಂದಳು ಪಕ್ಕದ ಮನೆಯಾಕೆ, ಮೂಗೊರೆಸಿಕೊಳ್ಳುತ್ತ.

ಸತ್ತವನ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಬೆಳಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. "ಲೈನಿನವನನ್ನ ಕರೀರಿ," ಎಂದಳು ಅಳಿಯನಿಗೆ.

"ಈಗಲಾ ಅತ್ತೆ? ಮಾವನ್ನ ಹೀಗೆ ಮಲಗಿಸ್ಕೊಂಡು ರಿಪೇರಿನಾ? ಜನ ಏನಂದ್ಕೋತಾರೆ?"

"ಜನ ನಾಳೆ ಅವರವರ ಮನೇಲಿರ್ತಾರೆ. ನನ್ನ ಮಗಳು ಅವಳಪ್ಪನ ಮುಖ ನೋಡ್ಬೇಕು. ವ್ಯಾನ್ ಬರೋದ್ರೊಳಗೆ ಆಗ್ಬೇಕು."

ಹೊರಗೆ ಹಾಕಿದ್ದ ಕುರ್ಚಿಗಳಲ್ಲಿ ಕಟ್ಟಕಡೆಯದರಲ್ಲಿ ಅವಳ ತಂಗಿ ಕೂತಿದ್ದಳು. ಒಳಗೆ ಬಾ ಎಂದು ಅಕ್ಕ ಕರೆದಿರಲಿಲ್ಲ. ಕರೆಯದೆ ಒಳಗೆ ಹೋಗುವ ಧೈರ್ಯ ತಂಗಿಗಿರಲಿಲ್ಲ. ಇಬ್ಬರ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು.

*

ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಸಿಕ್ಕಿದ ಸುದ್ದಿಯನ್ನು ಅವಳು ತಂಗಿಯೊಬ್ಬಳಿಗೇ ಹೇಳಿದ್ದಳು. ಅದೂ ಫೋನಿನಲ್ಲಿ, ಪಿಸುದನಿಯಲ್ಲಿ, ಗಂಡ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಏನೋ ರಿಪೇರಿ ಮಾಡುತ್ತಿದ್ದಾಗ.

"ಸೋಮವಾರ ಸೇರ್ಕೋತೀನಿ ಕಣೇ. ಸೇರಿದ ಮೇಲೇನೇ ಇವರಿಗೆ ಹೇಳೋದು."

"ಹೋಗಕ್ಕ, ಧೈರ್ಯವಾಗಿ ಹೋಗು. ನಿನ್ನ ಕೈಯಲ್ಲಿ ಸೂಜಿ ಇರೋ ತನಕ ಯಾರಿಗೇನು ಹೆದರೋದು!"

ನಡುವೆ ಎಲ್ಲೋ ಟಕ್ ಎಂದಿತ್ತು.

ಸೋಮವಾರ ಹೋದರೆ ಸೂಪರ್‌ವೈಸರ್ ಕನಿಕರದಿಂದ ನೋಡಿದ. "ನಿಮ್ಮ ಯಜಮಾನ್ರು ಬಂದಿದ್ರಮ್ಮ. ನಿಮಗೆ ಉಸಿರಾಟದ ಕಾಯಿಲೆಯಂತೆ, ಬಟ್ಟೆ ಧೂಳು ಆಗಲ್ವಂತೆ. ಮೊದಲೇ ಹೇಳ್ಬಾರ್ದಿತ್ತಾ?"

ಗಟ್ಟಿಮುಟ್ಟಾದ ಶ್ವಾಸಕೋಶ ಹೊತ್ತುಕೊಂಡು ಅವಳು ಮನೆಗೆ ಬಂದಳು. ರಾತ್ರಿ ಗಂಡ ತಟ್ಟೆಯಿಂದ ತಲೆಯೆತ್ತದೆ, "ನಿನ್ನ ತಂಗಿಗೆ ಪಾಪ, ಹೊಟ್ಟೇಲಿ ಮಾತು ನಿಲ್ಲಲ್ಲ," ಎಂದ.

ಅಷ್ಟೇ ಸಾಕಾಯಿತು. ಅವಳು ತಂಗಿಗೆ ಫೋನ್ ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಅಂದಳು.

"ನನ್ನ ಮಕ್ಕಳಾಣೆ ಅಕ್ಕ, ನಾನು ಹೇಳಿಲ್ಲ!"

"ಮಕ್ಕಳ ಮೇಲೂ ಸುಳ್ಳಾಣೆ ಹಾಕ್ತೀಯಾ? ಇನ್ನು ಈ ಮನೆಗೆ ಫೋನ್ ಮಾಡ್ಬೇಡ."

ಆಗಲೂ ಟಕ್ ಎಂದಿತು. ಫೋನಿನಲ್ಲಿ ಏನೋ ಸದ್ದು ಬರುತ್ತದೆ ಎಂದು ಅವಳು ಗಂಡನಿಗೆ ಹೇಳಿದ್ದುಂಟು. ತೊಂದರೆ ಆ ಕಡೆ, ಎಂದಿದ್ದ ಅವನು.

*

ಲೈನಿನವನು ಚಪ್ಪಲಿ ಬಿಟ್ಟು, ಹೆಣಕ್ಕೆ ಕೈಮುಗಿದು, ತಂತಿ ಮನೆಯೊಳಗೆ ಬರುವ ಜಾಗದಲ್ಲಿ ತನ್ನ ಮೀಟರು ಸಿಕ್ಕಿಸಿ ನೋಡಿದ. "ಇಲ್ಲಿವರೆಗೆ ಸ್ಪೀಡ್ ಚೆನ್ನಾಗೇ ಬರ್ತಿದೆ. ತೊಂದರೆ ಇರೋದು ನಿಮ್ಮ ಮನೆ ಒಳಗೇ."

ಬೀರು ಸರಿಸಿದರು. ಹಿಂದೆ ಇಲಿಮರಿಯಷ್ಟು ದಪ್ಪದ ಟೇಪಿನ ಗಂಟು. ಬಿಚ್ಚಿದರೆ ಹಸಿರು ಕಿಲುಬು, ಕರಗಿದ ಅಂಟು, ಜಿರಲೆ ಮೊಟ್ಟೆ. "ಥೂ!" ಎಂದು ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಇಲ್ಲಿಂದ ಇನ್ನೊಂದು ತಂತಿ ಗೋಡೆ ಕೊರ್ಕೊಂಡು ಆ ಕೋಣೆಗೆ ಹೋಗಿದೆ. ಅಲ್ಲೊಂದು ಫೋನ್ ಇದೆಯಾ ಅಮ್ಮ?"

"ನಮಗಿರೋದು ಒಂದೇ ಫೋನಪ್ಪ."

"ಇರ್ಲೇಬೇಕು. ಫಿಲ್ಟರ್ ಹಾಕ್ದೆ ಫೋನ್ ಜೋಡಿಸಿದ್ರೇನೇ ನೆಟ್ ಹೀಗೆ ತೆವಳೋದು. ಬಾಗಿಲು ತೆಗೀರಿ."

ಆ ಹಿಂದಿನ ಕೋಣೆಯ ಬೀಗದ ಕೀಲಿ ಗಂಡನ ಕೊರಳ ದಾರದಲ್ಲಿತ್ತು. ಅಷ್ಟು ಜನರೆದುರು ಅವಳು ಬಗ್ಗಿ ಹೊದಿಕೆಯೊಳಗೆ ಕೈ ಹಾಕಿದಳು. ತಣ್ಣನೆಯ ಎದೆ ಕೈಗೆ ತಾಗಿತು. ಕತ್ತರಿಯಿಂದ ದಾರ ಕತ್ತರಿಸಿದಳು.

"ಹೆಣ ಇನ್ನೂ ಎದ್ದಿಲ್ಲ, ಆಗಲೇ ಕೀಲಿ ಕಿತ್ಕೊಂಡ್ಲಲ್ಲಾ," ಎಂದಳು ಪಕ್ಕದ ಮನೆಯಾಕೆ, ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ.

ಕೋಣೆಯೊಳಗೆ ಮುಗ್ಗಲು ನಾತ. ರಿಪೇರಿಗೆಂದು ಬಿಚ್ಚಿಟ್ಟ ಸಾಮಾನು ಒಂದೂ ಇರಲಿಲ್ಲ. ಮೆತ್ತೆ ಹಾಕಿದ ಕುರ್ಚಿ, ಅದರ ಪಕ್ಕ ಕಡಲೆಕಾಯಿ ಸಿಪ್ಪೆ ತುಂಬಿದ ತಟ್ಟೆ, ಸ್ಟೂಲಿನ ಮೇಲೊಂದು ಬೂದು ಬಣ್ಣದ ಫೋನು. ಲೈನಿನವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಬೆಲ್ ಬಂದ್ ಮಾಡಿದಾರೆ. ರಿಸೀವರಲ್ಲಿ ಮಾತಾಡೋ ಕಡೆ ಮೈಕ್ ಕಿತ್ತು ಟೇಪ್ ಸುತ್ತಿದಾರೆ." ಅವನು ಅವಳ ಮುಖ ನೋಡಲಿಲ್ಲ. "ಇದರಲ್ಲಿ ಮಾತಾಡಕ್ಕಾಗಲ್ಲಮ್ಮ. ಕೇಳಿಸ್ಕೋಬಹುದು, ಅಷ್ಟೆ."

ಕಿವಿಗೆ ಹಿಡಿಯುವ ಕಡೆ ಹಳದಿ ಜಿಡ್ಡು ಪದರುಗಟ್ಟಿತ್ತು. ತಂಗಿಯ ಜೊತೆ ಅತ್ತದ್ದು, ಮುಟ್ಟು ನಿಂತ ಸಂಕಟ, ಮಗಳು ಗುಟ್ಟಾಗಿ ಹೇಳಿಕೊಂಡ ಬಸಿರಿನ ಭಯ, ಎಲ್ಲವನ್ನೂ ಈ ಜಿಡ್ಡು ಕುಡಿದಿತ್ತು. ಅವನು ಕಡಲೆಕಾಯಿ ಸುಲಿಯುತ್ತ ಕೂತು ಕೇಳಿದ್ದ. ಅವಳಿಗೆ ಅವನ ಮೇಲೆ ಹೇಸಿಗೆಯಾಯಿತು, ಆ ಮನೆಯ ಮೇಲೆ ಹೇಸಿಗೆಯಾಯಿತು. ಅವನು ಮುಟ್ಟಿ ಮೈಲಿಗೆ ಮಾಡಿದ ತನ್ನದೇ ದನಿಯೂ ಬೇಡವೆನಿಸಿತು.

"ಅತ್ತೆ, ಹೋದವರು ಹೋದ್ರು," ಎಂದ ಅಳಿಯ ಬಾಗಿಲಲ್ಲಿ ನಿಂತು. "ಇದು ಇಲ್ಲೇ ಇರ್ಲಿ. ಮನೆ ಮಾನದ ಪ್ರಶ್ನೆ."

"ಯಾರ ಮಾನ?" ಎಂದು ಕೇಳಿದಳು. "ಕತ್ತರಿಸಪ್ಪ," ಎಂದಳು ಲೈನಿನವನಿಗೆ.

ತಂತಿ ಕತ್ತರಿಸಿ, ಗಂಟು ಬಿಚ್ಚಿ ಹೊಸದಾಗಿ ಜೋಡಿಸಿದ್ದೇ ತಡ, ಮೊಬೈಲಿನಲ್ಲಿ ಮಗಳ ಮುಖ ಕನ್ನಡಿಯಷ್ಟು ನಿಚ್ಚಳವಾಗಿ ಬಂತು. ಅಮ್ಮನೇ ಮೊಬೈಲನ್ನು ಹೆಣದ ಮುಖದ ಮೇಲೆ ಹಿಡಿದಳು.

"ಅಪ್ಪಾ..." ಮಗಳು ಬಹಳ ಹೊತ್ತು ಅತ್ತಳು. ಕೂಸನ್ನೆತ್ತಿ ಅಜ್ಜನಿಗೆ ತೋರಿಸಿದಳು. "ಅಮ್ಮ, ನಾನು ಫೋನ್ ಮಾಡಿದ್ರೆ ಅಪ್ಪ ಒಂದು ದಿನಾನೂ ಮಾತಾಡ್ಲಿಲ್ಲ. ಆದ್ರೂ ನಂದೆಲ್ಲಾ ಹೇಗೋ ಗೊತ್ತಿರೋದು ಅವರಿಗೆ, ಅಲ್ವಾ?"

ಅಮ್ಮ ನಿಜ ಹೇಳಿಬಿಡಲು ಹೊರಟಳು. ಹಸಿ ಬಾಣಂತಿಯ ಕಣ್ಣು ನೋಡಿ ನುಂಗಿಕೊಂಡಳು. "ಹೂಂ. ಕಣ್ತುಂಬ ನೋಡ್ಕೋ," ಎಂದಳು.

ಮಗಳು ಫೋನಿಟ್ಟ ಮೇಲೆ ಅವಳು ಬೂದು ಫೋನಿನ ರಿಸೀವರನ್ನು ಅದೇ ಕತ್ತರಿಯಿಂದ ಕತ್ತರಿಸಿ ತೆಗೆದು, ಹೊರಗೆ ಹೋಗಿ ತಂಗಿಯ ಮಡಿಲಲ್ಲಿಟ್ಟಳು. ಬುಡಕ್ಕೆ ಮೊಳದುದ್ದ ತಂತಿ ಅಂಟಿಕೊಂಡೇ ಇತ್ತು.

"ಏನಕ್ಕ ಇದು?"

"ಅವರ ಕೋಣೇಲಿತ್ತು. ನಮ್ಮ ಫೋನಿಗೇ ಸೇರಿಸಿದ್ರು. ಬರೀ ಕೇಳಕ್ಕೆ."

ತಂಗಿ ಟೇಪಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು. ಕೆರೆಯುತ್ತಿದ್ದ ಬೆರಳು ನಿಂತಿತು. "ಹಾಗಾದ್ರೆ ಅವತ್ತು..."

"ಅವತ್ತೂ ಕೂತಿದ್ರು. ನೀನು ಮಕ್ಕಳಾಣೆ ಹಾಕಿದ್ದನ್ನೂ ಕೇಳಿಸ್ಕೊಂಡು ಕೂತಿದ್ರು. ನಾನು ನಿನ್ನ ನಂಬ್ಲಿಲ್ಲ ಕಣೇ. ಒಳಗೆ ಬಾ."

ಕೈ ಹಿಡಿದು ಕರೆತಂದಳು. ದಿಂಬಿನ ಮೇಲಿನ ಹೂವನ್ನು ಸರಿಸಿ, ರಿಸೀವರನ್ನು ಗಂಡನ ಕಿವಿಗೆ ಒತ್ತಿಟ್ಟು, ಅಲುಗದಂತೆ ಅದೇ ಕಪ್ಪು ಟೇಪಿನಿಂದ ಎರಡು ಸುತ್ತು ಸುತ್ತಿದಳು. ಅಕ್ಕತಂಗಿಯರು ಹೆಣದ ಆಚೆಗೊಬ್ಬಳು ಈಚೆಗೊಬ್ಬಳು ಕೂತರು.

"ಈಗ ಹೇಳು. ನಿನ್ನ ದೊಡ್ಡ ಮಗಳು ಏನ್ಮಾಡ್ತಿದಾಳೆ?"

ತಂಗಿ ಬಗ್ಗಿ ಏನೋ ಪಿಸುಗುಟ್ಟಿದಳು.

"ಪಿಸಪಿಸ ಬೇಡ," ಎಂದಳು ಅಕ್ಕ. "ಜೋರಾಗಿ ಹೇಳು."

ತಂಗಿ ಜೋರಾಗಿ ಹೇಳತೊಡಗಿದಳು. ವ್ಯಾನಿನವರು ಬಂದರು, ಕಾದು ನಿಂತರು, ಕೊನೆಗೆ ಕೆಮ್ಮಿ ಹೆಣವನ್ನೆತ್ತಿದರು. ಹೊದಿಕೆಯಿಂದ ಜಾರಿದ ತುಂಡು ತಂತಿ ನೆಲ ಗುಡಿಸುತ್ತ ಹೊಸಿಲು ದಾಟಿ ಹೋಯಿತು. ಒಳಗೆ ಇಬ್ಬರ ಮಾತು ನಿಂತಿರಲಿಲ್ಲ.