ಶ್ರೀರಮಾ ಉಳಿದ ಸುದ್ದಿ

ಕುಪ್ಪಸದ ಎಡತೋಳು ಮೊಳಕೈಯಿಂದ ಮೇಲೆ ಏರಲೇ ಇಲ್ಲ. ಜಯಾಳ ಆ ಕೈ ಬಾತು ದಿಂಬಿನಂತಾಗಿತ್ತು. ಪಕ್ಕದ ಮನೆಯ ಪದ್ಮಾಬಾಯಿ ಎರಡು ಸಲ ಎಳೆದು ನೋಡಿ, ಸತ್ತವಳಿಗೂ ನೋವಾದೀತೆಂಬಂತೆ ಬಿಟ್ಟುಬಿಟ್ಟರು.

"ಪ್ರತೀಕ್ಷಾ, ಕತ್ರಿ ತಾರವಾ. ಹೊಲಿಗಿ ಬಿಚ್ಚಬೇಕು."

ಪ್ರತೀಕ್ಷಾ ಕತ್ತರಿ ತಂದು ಕೊಟ್ಟಳು. ತಾಯಿಯ ಮುಖವನ್ನಷ್ಟೇ ನೋಡಿದಳು. ಪಟ್ಟಿ ಸುತ್ತಿದ್ದ ಎದೆಯ ಕಡೆ ಕಣ್ಣು ಹಾಯಿಸಲಿಲ್ಲ. ಬೆಳಗಿನಿಂದ ಒಂದು ಹನಿ ಅಳು ಬಂದಿರಲಿಲ್ಲ. ಬಂದದ್ದು ಬರೀ ಹೆದರಿಕೆ.

ಹಸಿರು ಸೀರೆ ಉಡಿಸಿ, ಅರಿಶಿನ ಹಚ್ಚಿ, ಹಣೆ ತುಂಬ ಕುಂಕುಮ ಇಟ್ಟರು. ಹೊರಗಿನ ಕೋಣೆಯಲ್ಲಿ ಜಯಾಳ ಗಂಡ ವಾಸುದೇವ ಒದ್ದೆ ಧೋತರದಲ್ಲಿ ಗೋಡೆಗೊರಗಿ ಕೂತಿದ್ದ. ಧಾರವಾಡದಿಂದ ರೈಲ್ವೆ ಕೆಲಸದ ಮೇಲೆ ಬಂದವನು ಕಾಶಿಯಲ್ಲೇ ಬೇರು ಬಿಟ್ಟಿದ್ದ. ಬಿದಿರು, ಹಗ್ಗ ಹೊಂದಿಸಿಕೊಂಡು ಬಂದಿದ್ದ ಮಠದ ಕುಮಾರಯ್ಯ ಅವನ ಪಕ್ಕದಲ್ಲಿದ್ದರು. ಸುಮ್ಮನಿರಲಾಗದೆ ಕೇಳಿದರು, "ರೋಗ ಯಾವಾಗ ಗೊತ್ತಾತ್ರಿ?"

"ನನಗ ಯುಗಾದಿ ಮುಂದ. ಆಕಿಗೆ ಮೊದಲs ಗೊತ್ತಿತ್ತು."

"ಟಿವಿಯೊಳಗಿನ ಶ್ರೀರಮಾಗೂ ಇದs ಆಗಿತ್ತಲ್ಲರಿ. ಈಗ ಆರಾಮ ಆಗಿ ದಿನಾ ಕಾಣಸ್ತಾಳ. ಹಣೇಬರಹ ನೋಡ್ರಿ..."

ವಾಸುದೇವ ಕೈ ಎತ್ತಿದ. "ಆ ಹೆಸರು ತಗೀಬ್ಯಾಡ್ರಿ, ಕುಮಾರಯ್ಯನವರs."

*

ಎರಡು ವರ್ಷದ ಹಿಂದೆ ಆ ಹೆಸರಿಲ್ಲದೆ ಈ ಮನೆಯಲ್ಲಿ ಮಧ್ಯಾಹ್ನವೇ ಆಗುತ್ತಿರಲಿಲ್ಲ. ತರಕಾರಿಯವನ ಹತ್ತಿರ ಹಿಂದಿ, ಹಾಲಿನವನ ಹತ್ತಿರ ಅರ್ಧಂಬರ್ಧ ಭೋಜಪುರಿ ಆಡಿ ದಣಿದ ಜಯಾಗೆ, ಊಟದ ಹೊತ್ತಿಗೆ ಕನ್ನಡ ಚಾನೆಲ್ಲಿನ ಕಾರ್ಯಕ್ರಮ ನಡೆಸಿಕೊಡಲು ಪರದೆ ಮೇಲೆ ಬರುತ್ತಿದ್ದ ಶ್ರೀರಮಾ ಅಂದರೆ ತವರು. ಆಕೆ ಕೇಳುವ ಪ್ರಶ್ನೆಗಳಿಗೆಲ್ಲ ಜಯಾ ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದಳು. ಒಮ್ಮೆ ಫೋನು ಸಿಕ್ಕಿ, "ಕಾಶಿಯಿಂದ ಜಯಕ್ಕ ಮಾತಾಡ್ತಿದ್ದಾರೆ" ಎಂದು ಶ್ರೀರಮಾ ಹೇಳಿದ್ದನ್ನು ಗಲ್ಲಿಯಲ್ಲಿ ಕನ್ನಡ ಬರುವವರಿಗೂ ಬಾರದವರಿಗೂ ಹೇಳಿ ಮುಗಿಸಿದ್ದಳು.

ಒಂದು ದಿನ ಪರದೆ ಮೇಲೆ ಬಂದ ಶ್ರೀರಮಾ ನಗಲಿಲ್ಲ. "ನನ್ನ ಎದೆಯಲ್ಲೊಂದು ಗಂಟು ಸಿಕ್ಕಿದೆ. ಕ್ಯಾನ್ಸರ್ ಅಂದಿದ್ದಾರೆ. ಹೆದರಿಕೊಂಡು ತುಂಬಾ ದಿನ ಯಾರಿಗೂ ಹೇಳಿರಲಿಲ್ಲ. ನೀವು ಹಾಗೆ ಮಾಡಬೇಡಿ" ಎಂದಳು.

ಬಟಾಣಿ ಸುಲಿಯುತ್ತಿದ್ದ ಜಯಾ ಎದ್ದು ಟಿವಿ ಆರಿಸಿ ಒಳಗೆ ಹೋದಳು. ಪ್ರತೀಕ್ಷಾ ಹಿಂದೆಯೇ ಹೋದಾಗ, ತಾಯಿ ಸೆರಗನ್ನು ಎದೆಗೆ ಒತ್ತಿಕೊಂಡು ಒಲೆಯ ಮುಂದೆ ನಿಂತಿದ್ದಳು.

"ಅವ್ವಾ, ಆಕಿ ಟಿವಿಯಾಕಿ. ನಮ್ಮ ಮನ್ಯಾಕಿ ಅಲ್ಲ."

"ಸಾಯ್ತಾಳೇನs ಆಕಿ?" ಎಂದಳು ಜಯಾ. ಪ್ರತೀಕ್ಷಾಗೆ ನಗು ಬಂತು.

ಮರುದಿನದಿಂದ ಕೇದಾರೇಶ್ವರನ ಗುಡಿಯಲ್ಲಿ ಶ್ರೀರಮಾಳ ಹೆಸರಿನಲ್ಲಿ ದೀಪ. "ನನಗ ಜ್ವರ ಬಂದಾಗ ಒಂದು ಊದಿನಕಡ್ಡಿನೂ ಹಚ್ಚಲಿಲ್ಲ" ಎಂದು ವಾಸುದೇವ ಚೇಷ್ಟೆ ಮಾಡಿದರೆ ಜಯಾ ತಾನೂ ನಗುತ್ತಿದ್ದಳು. ಶ್ರೀರಮಾಳ ಜಾಗಕ್ಕೆ ಬೇರೆ ಯಾರೋ ಬಂದರು. ಆಕೆಯ ಸುದ್ದಿ ಏನಾದರೂ ಹೇಳಿಯಾರೆಂದು ಜಯಾ ಆ ಕಾರ್ಯಕ್ರಮವನ್ನೂ ಕೊನೆಯವರೆಗೆ ನೋಡುತ್ತಿದ್ದಳು. ನೋಡನೋಡುತ್ತ ಒಂದು ವರ್ಷ ದಾಟಿತು.

ಕೊನೆಗೊಂದು ಮಧ್ಯಾಹ್ನ ಶ್ರೀರಮಾ ಬಂದಳು. ಗಂಡುಹುಡುಗರಂತೆ ಮೋಟು ಕೂದಲು, ಅದೇ ನಗು. ಜಯಾ ಅತ್ತಳು, ವಿಶ್ವನಾಥ ಗಲ್ಲಿಗೆ ಹೋಗಿ ಪೇಢೆ ತಂದು ಹಂಚಿದಳು. ಸಂಜೆ ಮಗಳನ್ನು ಮಾಳಿಗೆಗೆ ಕರೆದಳು.

"ಆಕಿ ಉಳದಳು. ಇನ್ನ ನಾನೂ ಡಾಕ್ಟರಿಗೆ ತೋರಸ್ತೀನಿ."

"ಏನ ತೋರಸ್ತಿ?"

ಜಯಾ ಸೆರಗು ಸರಿಸಿದಳು. ಎದೆಯ ಗಂಟು ಕಣ್ಣಿಗೇ ಕಾಣುತ್ತಿತ್ತು.

"ಆಕೀನs ಸತ್ರ, ನಾ ತೋರಿಸಿ ಏನುಪಯೋಗ? ಅದಕ್ಕs ಕಾಯ್ದೆ. ಅಪ್ಪಗ ನೀನs ಹೇಳು. ನನಗ ಹೆದರಿಕಿ."

ಅಷ್ಟರಲ್ಲಿ ರೋಗ ಮೂಳೆಗೆ ಇಳಿದಿತ್ತು. ಜಯಾಳ ತಾಯಿಗೂ ಇಂಥದ್ದೇ ಗಂಟು ಇತ್ತೆಂದು ಕೇಳಿದ ಡಾಕ್ಟರು ಪ್ರತೀಕ್ಷಾಳ ಕಡೆ ತಿರುಗಿ, "ನೀನೂ ಒಮ್ಮೆ ಪರೀಕ್ಷೆ ಮಾಡಿಸಿಕೋ" ಅಂದರು. ಆಕೆ ತಲೆಯಾಡಿಸಿ ಬಂದಿದ್ದಳು, ಅಷ್ಟೇ.

*

ಗಂಡಸರು ಹೆಣ ಎತ್ತಿದರು. 'ರಾಮ್ ನಾಮ್ ಸತ್ಯ ಹೈ' ಎಂಬ ಕೂಗು ಗಲ್ಲಿಯ ತಿರುವಿನವರೆಗೆ ಕೇಳಿಸಿ, ಹರಿಶ್ಚಂದ್ರ ಘಾಟಿನ ಕಡೆ ಇಳಿದು ನಿಂತುಹೋಯಿತು. ಪದ್ಮಾಬಾಯಿ ಮನೆ ತೊಳೆಸಿ, ಪುಷ್ಯದ ಆ ಚಳಿಯಲ್ಲಿ ತಲೆಯ ಮೇಲೆ ತಣ್ಣೀರು ಹೊಯ್ದುಕೊಂಡು ಬಂದರು. ಆಮೇಲೆ ಪ್ರತೀಕ್ಷಾಳನ್ನು ಬಚ್ಚಲಿಗೆ ಕಳಿಸಿದರು.

ಆಕೆ ನೀರು ತುಂಬಿದ ಬಕೆಟಿನ ಮುಂದೆ ನಿಂತೇ ಇದ್ದಳು. ಹೋದ ತಿಂಗಳು ಸೋಪು ಹಚ್ಚುವಾಗ ಎಡಗಡೆ, ಕಂಕುಳ ಹತ್ತಿರ, ಬೆರಳಿಗೇನೋ ತಗುಲಿತ್ತು. ತಗುಲಿದ್ದು ನಿಜವೋ, ಮನಸ್ಸಿನ ಅಂಜಿಕೆಯೋ ತಿಳಿಯಲಿಲ್ಲ. ತಿಳಿದುಕೊಳ್ಳುವ ಧೈರ್ಯವಾಗದೆ ಅಂದಿನಿಂದ ಆ ಕಡೆ ಕೈ ಹಾಕಿರಲಿಲ್ಲ. ಅವ್ವ ನರಳುವಾಗ ಇದನ್ನು ಹೇಳುವುದು ಹೇಗೆ? ಈಗ ಅಪ್ಪ ಅಗ್ನಿ ಕೊಡಲು ಹೋಗಿದ್ದಾನೆ. ದಿನಕರ್ಮಗಳು ಮುಗಿಯಲಿ. ಅಪ್ಪ ಸ್ವಲ್ಪ ಚೇತರಿಸಿಕೊಳ್ಳಲಿ. ಆಮೇಲೆ...

ಆಮೇಲೆ ಎಂಬುದು ಬಾಯಿಂದ ಹೊರಗೇ ಬಂದಿತು. ತನ್ನದೇ ದನಿ, ಕೇಳಿದರೆ ಥೇಟು ಅವ್ವನದು.

"ಯಾಕವಾ, ನೀರಿನ ಸಪ್ಪಳs ಇಲ್ಲ?" ಪದ್ಮಾಬಾಯಿ ಬಾಗಿಲು ತಟ್ಟಿದರು. "ಥಂಡಿ ಹಿಡದೀತು. ಲಗೂನ ಹೊಯ್ಕೊ."

ಪ್ರತೀಕ್ಷಾ ಚಿಲಕ ತೆಗೆದಳು. ಕನ್ನಡ ಬಾಯಿಗೇ ಬರಲಿಲ್ಲ.

"ಮೌಶಿ, ಮುಝೆ ಡರ್ ಲಗ್ ರಹಾ ಹೈ."

"ಯಾತರ ಹೆದರಿಕಿ? ನಾ ಇಲ್ಲೇ ಇದ್ದೀನಲ್ಲ."

"ನನಗೂ... ಇಲ್ಲೆ ಏನೋ ಅದ. ನನಗ ಮುಟ್ಟಿ ನೋಡಲಿಕ್ಕೆ ಆಗವಲ್ದು. ನೀವs ನೋಡ್ರಿ."

ಪದ್ಮಾಬಾಯಿಯ ಸ್ನಾನವಾಗಿತ್ತು. ಈಗ ಮುಟ್ಟಿದರೆ ಮೈಲಿಗೆ, ಮತ್ತೆ ತಣ್ಣೀರು. ಆದರೂ ಅವರು ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಬೆರಳುಗಳು ಚಳಿಗೆ ಮರಗಟ್ಟಿದ್ದವು. ಅಂಗೈ ಎರಡನ್ನೂ ಸೆರಗಿಗೆ ಒರೆಸಿಕೊಂಡು ಉಜ್ಜಿದರು, ಬಾಯಿಯ ಹತ್ತಿರ ಹಿಡಿದು ಉಸಿರು ಊದಿದರು, ಇನ್ನೂ ಬೆಚ್ಚಗಾಗಲಿಲ್ಲವೆಂದು ಮತ್ತೆ ಉಜ್ಜತೊಡಗಿದರು. ಪ್ರತೀಕ್ಷಾ ಎಡಗೈ ಮೇಲೆತ್ತಿ, ಕಣ್ಣು ಮುಚ್ಚದೆ ನಿಂತಳು.