ಉದ್ದ ತೋಳು

ಹುಡುಗಿ ಬ್ಲೇಡಿನ ಮೂಲೆಯಿಂದ ಅಂಗಿಯ ತೋಳಿನ ಮಡಿಕೆ ಬಿಚ್ಚುತ್ತಿದ್ದಳು. ದಾರದ ಚೂರುಗಳು ಮಡಿಲಲ್ಲಿ ಬೀಳುತ್ತಿದ್ದವು. ಹೊಲಿಗೆ ಅಂಗಡಿಯಲ್ಲಿ ದೊಡ್ಡಮ್ಮನ ಮೆಷಿನ್ನು ನಿಂತಿತ್ತು, ದೊಡ್ಡಮ್ಮ ಬಾಗಿಲನ್ನೇ ನೋಡುತ್ತ ಕೂತಿದ್ದಳು. ತೋಳಿನಲ್ಲಿ ಇಳಿಸಲು ಇನ್ನು ಬಟ್ಟೆ ಉಳಿದಿರಲಿಲ್ಲ. ಬೇರೆ ತುಂಡು ಕೂಡಿಸಬೇಕು.

ಅಂಗಿ ಬೇಕರಿ ಅಕ್ಕನದು. ಎದುರಿನ ಬೇಕರಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಒಲೆಯ ಬಾಯಲ್ಲಿ ನಿಲ್ಲುವವಳು. ಮೊದಲು ಅವಳ ಅಂಗಿಗಳಿಗೆಲ್ಲ ಮೊಣಕೈ ಮೇಲಿನ ತೋಳು. ಬೇಸಿಗೆ ಶುರುವಾದಾಗ ಮೊಣಕೈ ಮುಚ್ಚಲಿ ಅಂದಳು. ಆಮೇಲೆ ಇನ್ನೂ ನಾಲ್ಕು ಬೆರಳು. ಈಗ ಮಣಿಕಟ್ಟಿನವರೆಗೆ. ಬೆಂಕಿಯ ಮುಂದೆ ನಿಲ್ಲುವವರು ತೋಳು ಮೇಲಕ್ಕೆ ಮಡಿಸಿಕೊಳ್ಳುತ್ತಾರೆ, ಕೆಳಕ್ಕೆ ಇಳಿಸಿಕೊಳ್ಳುವುದಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗಿಗೂ ಇದು ತಿಳಿಯುತ್ತಿತ್ತು.

ಹೋದ ತಿಂಗಳು ಹುಡುಗಿ ಈ ತೋಳಿನ ವಿಷಯ ಪೊಲೀಸಕ್ಕನ ಕಿವಿಗೆ ಹಾಕಿದ್ದಳು. ಆ ಬೀದಿಗಳ ಗಸ್ತು ಪೊಲೀಸಕ್ಕನದು. ವಾರಕ್ಕೊಮ್ಮೆ ಅಂಗಡಿಗೆ ಬಂದು, ಸ್ಟೂಲು ಎಳೆದು ಕೂತು, ಎಲ್ಲರ ಸುಖದುಃಖ ಕೇಳಿ ಹೋಗುವವಳು. ಹುಡುಗಿಯ ಮಾತು ಕೇಳಿದವಳೇ ಸಮವಸ್ತ್ರದಲ್ಲೇ ಹೋಗಿ ಬೇಕರಿ ಅಕ್ಕನ ಮನೆಯ ಬಾಗಿಲು ತಟ್ಟಿದಳು. ಗಂಡ ನಗುನಗುತ್ತ ಕುರ್ಚಿ ಹಾಕಿದ. ಹೆಂಡತಿ ಅವನ ಮುಖ ನೋಡಿಕೊಂಡು, ಕೈಮೇಲಿನ ಕಲೆ ಒಲೆ ತಾಗಿ ಸುಟ್ಟಿದ್ದು ಅಂದಳು. ಬೀದಿಯೆಲ್ಲ ಕಿಟಕಿಯಲ್ಲಿ ನಿಂತಿತ್ತು. ತೋಳು ಮಣಿಕಟ್ಟಿನವರೆಗೆ ಬೇಕು ಎಂದು ಅವಳು ಅಂಗಿ ತಂದದ್ದು ಅದಾದ ಮೇಲೆಯೇ.

"ದುಡುಕಿಬಿಟ್ಟೆ ಕಣೇ," ಎಂದು ಪೊಲೀಸಕ್ಕ ಅದೇ ಸ್ಟೂಲಿನ ಮೇಲೆ ಕೂತು ಒಪ್ಪಿಕೊಂಡಿದ್ದಳು. "ಅವನ ಮುಂದೆ ಕೇಳಬಾರದಿತ್ತು. ಅವಳೊಬ್ಬಳೇ ಇರೋ ಜಾಗ ಒಂದಾದರೂ ಇದೆಯಾ?"

ಮನೆಯಲ್ಲೂ ಅವನೇ, ಬೇಕರಿಯ ಕೌಂಟರಿನಲ್ಲೂ ಅವನೇ. ಮಾತು ಕಡಿಮೆಯ ಹುಡುಗಿ ಮೂಲೆಯ ಪರದೆಯ ಕಡೆ ನೋಡಿದಳು. ಹೆಂಗಸರು ಅಂಗಿ ತೊಟ್ಟು ನೋಡುವ ಪರದೆ. ಅದರಾಚೆಗೆ ಯಾವ ಗಂಡಸೂ ಕಾಲಿಡುವಂತಿರಲಿಲ್ಲ.

ಹಾಗಾಗಿ ಇವತ್ತು, ತುಂಡು ಕೂಡಿಸುವ ಮೊದಲು ಒಮ್ಮೆ ಅಳತೆಗೆ ಬಾ ಎಂದು ಬೇಕರಿ ಅಕ್ಕನಿಗೆ ಹೇಳಿಕಳಿಸಿದ್ದರು. ಪೊಲೀಸಕ್ಕ ಮನೆಯ ಉಡುಪಿನಲ್ಲಿ, ಬಟ್ಟೆಯ ಚೀಲ ಹಿಡಿದು ಬಂದು ಪರದೆಯ ಹಿಂದೆ ಕೂತಿದ್ದಳು. ಹಿಂಬಾಗಿಲ ಓಣಿಯಲ್ಲಿ ಠಾಣೆಯ ಇನ್ನೊಬ್ಬಳು ಕಾರು ನಿಲ್ಲಿಸಿಕೊಂಡಿದ್ದಳು.

"ಅವಳು ಹೂಂ ಅಂದರೆ ಮಾತ್ರ ದೂರು ಬರಕೊಳ್ಳೋದು," ಎಂದಿದ್ದಳು ಪೊಲೀಸಕ್ಕ. "ಇಲ್ಲಾಂದ್ರೆ ನಾನೂ ಅಳತೆಗೆ ಬಂದೋಳು, ಅಷ್ಟೆ. ನನಗೆ ಕಾಲು ಗಂಟೆ ಬೇಕು."

ಆ ಕಾಲು ಗಂಟೆ ಗಂಡನನ್ನು ಮಾತಿನಲ್ಲಿ ಹಿಡಿದಿಡುವ ಕೆಲಸ ದೊಡ್ಡಮ್ಮನದು. ಅವಳು ಮಾತಿಗೆ ನಿಂತರೆ ಒಲೆಯ ಮೇಲಿಟ್ಟ ಹಾಲೂ ಉಕ್ಕುವುದನ್ನು ಮರೆಯುತ್ತದೆ ಎಂದು ಬೀದಿಯೇ ಆಡಿಕೊಳ್ಳುತ್ತಿತ್ತು.

ಬೇಕರಿ ಅಕ್ಕ ಗಂಡನ ಜೊತೆ ಬಂದಳು. ಅಕ್ಕ ಪರದೆಯೊಳಗೆ ಹೋದಳು. ಗಂಡ ಬಾಗಿಲಿಗೆ ಒರಗಿ, "ಬೇಗ ಆಗಲಿ" ಎಂದ. ದೊಡ್ಡಮ್ಮ ಬಾಯಿ ತೆರೆದಳು. ಮಾತು ಬರಲಿಲ್ಲ. ಬೀದಿಗೆಲ್ಲ ಬಾಯಾಗಿದ್ದವಳು ಅವನ ಕೈಯನ್ನೇ ನೋಡುತ್ತ ಕಲ್ಲಿನಂತೆ ಕೂತುಬಿಟ್ಟಳು.

"ಒಂದು ತೋಳಿಗೆ ಎಷ್ಟು ಹೊತ್ತು?" ಎಂದು ಅವನು ಪರದೆಯ ಕಡೆ ಹೆಜ್ಜೆ ಇಟ್ಟ.

"ಅಣ್ಣಾ, ನಿಮ್ಮ ಪ್ಯಾಂಟು ಎಡಗಾಲಿಗೆ ಗಿಡ್ಡ."

ತನ್ನ ದನಿಯೇ ಅದು ಎಂದು ಹುಡುಗಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಅವನು ನಿಂತು ಬಗ್ಗಿ ನೋಡಿಕೊಂಡ. ಇಸ್ತ್ರಿ ಗೆರೆ ಮುರಿಯದಂತೆ ಬಟ್ಟೆ ಹಾಕುವ ಆಸಾಮಿ.

"ಎಲ್ಲಿ ಗಿಡ್ಡ?"

"ಬೆಳಕಿಗೆ ಬನ್ನಿ. ಬೇಕರಿಗೆ ಬರೋರೆಲ್ಲ ನೋಡ್ತಾರಲ್ಲ."

"ನೀನು ಮೂಗಿ ಅಂದುಕೊಂಡಿದ್ದೆ."

"ಟೇಪು ಹಿಡಿದರೆ ಮಾತು ಬರುತ್ತೆ ಅಣ್ಣ. ಹೊಟ್ಟೆ ಒಳಗೆ ಎಳ್ಕೋಬೇಡಿ. ಆಮೇಲೆ ಗುಂಡಿ ಹಾರಿದರೆ ನನ್ನನ್ನು ಬೈತೀರಿ."

ಅವನು ನಕ್ಕ. ಅವಳು ಸೊಂಟ ಅಳೆದಳು, ಬರೆದಳು, ಹೊಡೆದುಹಾಕಿ ಮತ್ತೆ ಅಳೆದಳು. ಮಂಡಿಯೂರಿ ಕೂತು ಎಡಗಾಲಿನ ಅಂಚಿಗೆ ಗುಂಡುಪಿನ್ನು ಚುಚ್ಚತೊಡಗಿದಳು. ಆಮೇಲೆ ಬಲಗಾಲಿಗೂ. ಬಾಯಿ ಎಲ್ಲೂ ನಿಲ್ಲಲಿಲ್ಲ.

"ಏಯ್, ಮುಗೀತಾ?" ಎಂದು ಅವನು ಪರದೆಗೆ ಕೂಗಿದ.

"ಅಲುಗಾಡಬೇಡಿ ಅಣ್ಣ. ಪಿನ್ನು ಚುಚ್ಚಿದರೆ ನಾನು ಜವಾಬ್ದಾರಳಲ್ಲ."

ಹಿಂಬಾಗಿಲ ಚಿಲಕದ ಸದ್ದಾಯಿತು. ಓಣಿಯಲ್ಲಿ ಕಾರು ಹೊರಟಿತು. ಹುಡುಗಿ ಹನ್ನೆರಡನೆಯ ಪಿನ್ನು ಚುಚ್ಚಿ ಎದ್ದು ನಿಂತಳು.

ಪರದೆ ಸರಿಸಿ ಬಂದವಳು ಪೊಲೀಸಕ್ಕ. ಒಂದು ಕೈಯಲ್ಲಿ ಗುರುತಿನ ಚೀಟಿ, ಇನ್ನೊಂದರಲ್ಲಿ ಬೇಕರಿ ಅಕ್ಕ ಸಹಿ ಹಾಕಿದ ದೂರಿನ ಎರಡು ಹಾಳೆ. "ನಿಮ್ಮ ಹೆಂಡತಿ ಕ್ಷೇಮವಾಗಿದ್ದಾರೆ. ನೀವು ನನ್ನ ಜೊತೆ ಠಾಣೆಗೆ ಬನ್ನಿ," ಎಂದಳು. ಹೊರಗೆ ಅವಳು ಫೋನಿನಲ್ಲಿ ಕರೆಸಿದ್ದ ಇಬ್ಬರು ಪೇದೆಗಳು ಬಾಗಿಲಿಗೆ ಬಂದಿದ್ದರು. "ನಿಧಾನ. ಕಾಲಲ್ಲಿ ಪಿನ್ನಿದೆ."

ಅವನು ಕೊಕ್ಕರೆಯ ಹಾಗೆ ಒಂದೊಂದೇ ಕಾಲು ಎತ್ತಿಡುತ್ತ ಬೀದಿಯ ಉದ್ದಕ್ಕೂ ನಡೆದ. ಕಿಟಕಿಗಳೆಲ್ಲ ಅವೇ. ಈ ಸಲ ಯಾರೋ ಒಬ್ಬರು ಮೇಲಿನಿಂದ ಚಪ್ಪಾಳೆ ತಟ್ಟಿದರು, ಆಮೇಲೆ ಇನ್ನೊಬ್ಬರು.

"ಹನ್ನೆರಡು ಪಿನ್ನೂ ಹೋಯ್ತಲ್ಲೇ," ಎಂದಳು ದೊಡ್ಡಮ್ಮ. ಮಾತು ತಿರುಗಿ ಬಂದಿತ್ತು, ಕಣ್ಣೊರೆಸಿಕೊಳ್ಳುತ್ತಿದ್ದಳು.

ಎರಡು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಬೇಕರಿ ಅಕ್ಕ ಒಬ್ಬಳೇ ನಡೆದು ಬಂದಳು. ಬೇರೆ ಕಡೆ ಕೆಲಸ ಸಿಕ್ಕಿತ್ತು, ಅಲ್ಲೂ ಒಲೆಯ ಮುಂದೆಯೇ. ಚೀಲದಿಂದ ಮೂರು ಅಂಗಿ ತೆಗೆದು ಮೇಜಿನ ಮೇಲೆ ಹರಡಿದಳು. ತೊಟ್ಟಿದ್ದ ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಿಸಿದ್ದಳು.

"ಇವುಗಳ ತೋಳು ಮೊದಲಿನಷ್ಟೇ ಗಿಡ್ಡ ಮಾಡಿಕೊಡಮ್ಮ," ಎಂದಳು.

ದೊಡ್ಡಮ್ಮನ ಕಾಲು ಪೆಡಲಿನ ಮೇಲೆ ನಿಂತಿತು. ಹುಡುಗಿ ತಲೆ ತಗ್ಗಿಸಿ, ಡಬ್ಬಿಯಲ್ಲಿ ಬ್ಲೇಡಿಗಾಗಿ ಕೈಯಾಡಿಸತೊಡಗಿದಳು.