ಇಟ್ಟಿಗೆಯ ಮೇಲೆ ಮೊಳೆತ ಜರೀಗಿಡ

ಅರಸೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಲತಾಮಣಿ ಹದಿನಾರು ವರ್ಷದಿಂದ ಜರೀಗಿಡದ ಪಾಠ ಮಾಡುತ್ತಿದ್ದಳು. ಎಲೆಯ ಬೆನ್ನಿನ ಕಂದು ಪುಡಿಯೇ ಬೀಜಕ; ಅದರಿಂದ ಮೊದಲು ಹೃದಯದ ಆಕಾರದ ಹಸಿರು ಬಿಲ್ಲೆ, ಆಮೇಲೆ ಗಿಡ. ಎಲ್ಲ ಬಾಯಿಪಾಠ. ಆ ಬಿಲ್ಲೆಯನ್ನು ಮಾತ್ರ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

೧೯೯೮ರ ಜುಲೈನಲ್ಲಿ ಅಣ್ಣ ಲಕ್ಷ್ಮೀಶ ಬೇಲೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಒಂದು ಜರೀಗಿಡ ತಂದುಕೊಟ್ಟ. ಕೂದಲೆಳೆಯಂಥ ಕಪ್ಪು ಕಡ್ಡಿ, ಕೊತ್ತಂಬರಿಯಂಥ ಎಲೆ. ವಾರ ಕಳೆಯುವಷ್ಟರಲ್ಲಿ ಅತ್ತೆ ಮಾರಮ್ಮ ಕೂಗಿದರು.

"ಲತಾ, ಎಲೆ ಅಡೀಲಿ ಕಂದು ಕಲೆ ಬಿದ್ದೈತೆ. ರೋಗ ಕಣವ್ವ, ಎಸೆದ್ಬುಡು."

ಲತಾಮಣಿ ಎಲೆ ಮಗುಚಿ ನೋಡಿದಳು. ಅಂಚಿನುದ್ದಕ್ಕೂ ಬೀಜಕದ ಪುಡಿ.

"ರೋಗ ಅಲ್ಲ ಅತ್ತೆ, ಬಸುರಿ!"

ಎಲೆ ಕಿತ್ತು ಪೇಪರಿನಲ್ಲಿ ಮಡಿಸಿಟ್ಟಳು. ಎರಡು ದಿನಕ್ಕೆ ನಶ್ಯದಂಥ ಪುಡಿ ಉದುರಿತ್ತು. ಅರ್ಧ ಇಟ್ಟಿಗೆಯನ್ನು ಕುದಿಸಿ, ಆರಿಸಿ, ತಟ್ಟೆಯ ನೀರಿನಲ್ಲಿಟ್ಟು ಪುಡಿ ಚಿಮುಕಿಸಿದಳು. ಮುಚ್ಚುವುದಕ್ಕೆ ಅತ್ತೆಯ ಉಪ್ಪಿನಕಾಯಿಯ ಗಾಜಿನ ಜಾಡಿಯೇ ಬೇಕಾಯಿತು. ಬುದ್ಧನ ಪಟದ ಕೆಳಗಿನ ಗೂಡಿನಲ್ಲಿ ಇಟ್ಟಿಗೆ ಕುಳಿತಿತು.

ಗಂಡ ದೇವರಾಜ್‌ಗೆ ದಿನವೂ ತಮಾಷೆ. "ಏನೇ, ಇಟ್ಟಿಗೆ ಮೊಳೀತಾ? ಮನೇನೇ ಬೆಳೆಯೋ ಹಾಗಿದ್ರೆ ಹೇಳು, ಸೈಟು ನೋಡ್ತೀನಿ."

ಆರನೇ ವಾರದ ಭಾನುವಾರ ಇಟ್ಟಿಗೆ ಹಸಿರಾಗಿತ್ತು. ಪಾಚಿಯೇನೋ ಎಂದುಕೊಂಡು ಲತಾಮಣಿ ಭೂತಗನ್ನಡಿ ಹಿಡಿದಳು. ಪಾಚಿಯಲ್ಲ. ಸಾಸಿವೆಗಿಂತ ಚಿಕ್ಕ ಹೃದಯಗಳು, ನೂರಾರು!

ಅವಳು ಕಿರುಚಿದ ರಭಸಕ್ಕೆ ದೇವರಾಜ್ ಅರ್ಧ ಬೋಳಿಸಿದ ಗಡ್ಡದ ಸೋಪಿನಲ್ಲೇ ಓಡಿ ಬಂದ. ಮಾರಮ್ಮ ಭೂತಗನ್ನಡಿಯಲ್ಲಿ ಇಣುಕಿ, "ಅಯ್ಯೋ, ವೀಳ್ಯದೆಲೆ ಮರಿ ಹಾಕೈತೆ!" ಎಂದರು. ಲತಾಮಣಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಮರುದಿನ ಇಟ್ಟಿಗೆ, ಜಾಡಿ, ಭೂತಗನ್ನಡಿ ಸಮೇತ ಶಾಲೆಗೆ ಆಟೋ ಹತ್ತಿದಳು. ಡ್ರೈವರ್ ಮರಿಯಣ್ಣ ಹಿಂದಿರುಗಿ ನೋಡುತ್ತಲೇ ಓಡಿಸುತ್ತಿದ್ದವನು ಬಸ್‌ಸ್ಟ್ಯಾಂಡಿನ ಎದುರು ನಿಲ್ಲಿಸಿಯೇ ಬಿಟ್ಟ.

"ಮೇಡಂ, ನಂಗೂ ಒಂದ್ಸಲ ತೋರ್ಸಿ."

ಅವನು ನೋಡಿದ, ಎಳನೀರಿನವನು ನೋಡಿದ, ಹಿಂದೆ ಸಾಲು ಬೆಳೆಯಿತು. "ಏನ್ಲಾ ಅದು, ದೇವ್ರಾ?" ಎಂದು ಯಾರೋ ಕೇಳಿದರು. ಯಾರಿಗೂ ಇಲ್ಲವೆನ್ನುವ ಮನಸ್ಸು ಅವಳಿಗಾಗಲಿಲ್ಲ.

ಶಾಲೆ ತಲುಪುವಾಗ ಇಪ್ಪತ್ತು ನಿಮಿಷ ತಡ. ಗೇಟಿನಲ್ಲಿ ಹೆಡ್‌ಮಾಸ್ಟರ್ ನಂಜಪ್ಪ ಗಡಿಯಾರ ನೋಡುತ್ತ ನಿಂತಿದ್ದರು. ಲತಾಮಣಿ ಕ್ಷಮೆಯನ್ನೂ ಕೇಳದೆ ಭೂತಗನ್ನಡಿಯನ್ನು ಅವರ ಕೈಗಿಟ್ಟಳು.

"ಸಾರ್, ಮೊದ್ಲು ನೋಡಿ."

ಅವರು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಪುಸ್ತಕದಲ್ಲಿರೋದು ನಿಜಾನಾ ಹಂಗಾದ್ರೆ!" ಎಂದವರೇ ಬೆಲ್ ಹೊಡೆಸಿ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿದರು.

ದೀಪಾವಳಿಗೆ ಬಿಲ್ಲೆಗಳಿಂದ ಸುರುಳಿ ಎಲೆಗಳೆದ್ದವು. ಸಂಕ್ರಾಂತಿಗೆ ಅರವತ್ತಕ್ಕೂ ಹೆಚ್ಚು ಸಸಿ. ಲೋಟ, ತಟ್ಟೆ, ಡಬ್ಬಿಯ ಮುಚ್ಚಳ, ಎಲ್ಲದರಲ್ಲೂ ಜರೀಗಿಡ. ಬಂದವರಿಗೆ ಕಾಫಿಯನ್ನು ಸಾರಿನ ಬಟ್ಟಲಲ್ಲಿ ಕೊಟ್ಟರೂ ಯಾರೂ ಬೇಸರಿಸಲಿಲ್ಲ. ಹೊರಡುವಾಗ ಒಂದೊಂದು ಸಸಿ ಕೈಗೆ ಬರುತ್ತಿತ್ತಲ್ಲ. ಒಣಹವೆ ತಾಗಬಾರದೆಂದು ಉಳಿದವನ್ನೆಲ್ಲ ಬಚ್ಚಲಮನೆಗೆ ಸಾಗಿಸಿದಳು.

ಒಂದು ಬೆಳಿಗ್ಗೆ ಒಳಗಿನಿಂದ ದೇವರಾಜ್ ಕೂಗಿದ. "ಲತಾ! ಚೊಂಬಲ್ಲೂ ಗಿಡ ಇದೆಯಲ್ಲೇ! ನೀರು ಹೆಂಗೆ ಹುಯ್ಕೊಳ್ಳಲಿ?"

"ಕೈಯಲ್ಲೇ ಹುಯ್ಕೊಳ್ರೀ! ಅವಕ್ಕೂ ಒಂದಿಷ್ಟು ಸಿಡೀಲಿ!"

ಹೊರಗೆ ಅತ್ತೆ ಸೊಸೆ ಇಬ್ಬರೂ ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.